ಗಾಜಿನ ಕೋಣೆಯ ಹೇಳಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿತ್ರಮಂದಿರದ ಪಕ್ಕದ ಕಬ್ಬಿಣದ ಬಾಗಿಲನ್ನು ಭುಜದಿಂದ ದೂಡಿಕೊಂಡು ಒಬ್ಬ ಹೆಂಗಸು ಒಳಗೆ ಬರುತ್ತಾರೆ. ಒಂದು ಕೈಯಲ್ಲಿ ಉದ್ದ ಹಿಡಿಯ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು. ಒಳಗೆ ನೆನ್ನೆಯ ಕೊನೆಯ ಆಟದ ಬಿಸಿ ಇನ್ನೂ ಆರಿಲ್ಲ. ಹಳೆಯ ರೆಕ್ಸಿನ್ನಿನ ವಾಸನೆ, ಜೋಳದ ಅರಳಿನ ವಾಸನೆ, ನೂರಾರು ಜನ ಉಸಿರಾಡಿ ಬಿಟ್ಟುಹೋದ ಗಾಳಿ. ಗೋಡೆಯ ಮೇಲೆ ತಡವಿ ಎರಡೇ ಎರಡು ದೀಪ ಹಾಕಿ, ಮೇಲಿನ ಸಾಲಿನಿಂದ ಕೆಲಸ ಶುರು ಮಾಡುತ್ತಾರೆ. ನೆಲ ಪರದೆಯ ಕಡೆಗೆ ಇಳಿಜಾರಾಗಿದೆ. ಮೇಲಿನಿಂದ ತಳ್ಳಿಕೊಂಡು ಬಂದರೆ ಕಸ ತಾನಾಗಿ ಮುಂದೆ ಸಾಗುತ್ತದೆ.

"ತೋಟದ ಮಡಿಗೆ ನೀರು ಬಿಟ್ಟ ಹಾಗೆ," ಎನ್ನುತ್ತಾರೆ. "ದಾರಿ ತೋರಿಸಿದ್ರೆ ಸಾಕು, ಅದೇ ಹೋಗುತ್ತೆ. ಕೆಳಗಿನಿಂದ ಗುಡಿಸೋಕೆ ಹೋದ್ರೆ ಸೊಂಟ ಬಿದ್ದುಹೋಗುತ್ತೆ ಅಷ್ಟೇ."

ಎಲ್ಲಕ್ಕಿಂತ ಮುಂದಿನ ಸಾಲು ಮುಗಿದ ಮೇಲೆ ಪೊರಕೆಯ ತುದಿಗೆ ಗಲ್ಲ ಊರಿ ನಿಂತು, ಹಿಂದಿನ ಗೋಡೆಯ ಚೌಕ ಕಿಂಡಿಯತ್ತ ಕೂಗುತ್ತಾರೆ: "ಅಣ್ಣಾ, ಕೊನೇದು ಒಂದ್ಸಲ ಹಾಕಪ್ಪ."

ಕಿಂಡಿಯಲ್ಲಿ ಯಂತ್ರ ನಡೆಸುವವರ ನರೆತ ತಲೆ ಕಾಣಿಸಿಕೊಳ್ಳುತ್ತದೆ. "ಮತ್ತೇನಮ್ಮ? ಮೊನ್ನೆ ಹಾಕಿದ್ದೆ, ನೆನ್ನೆ ಹಾಕಿದ್ದೆ. ನೋಡಿ ನೋಡಿ ಆ ಕತ್ತಲೇನು ಬೆಳ್ಳಗಾಗುತ್ತಾ?"

"ಅದು ಆಗಲ್ಲ. ನನ್ನ ನಾಲಿಗೆ ಸ್ವಲ್ಪ ಪಳಗುತ್ತೆ. ಹಾಕು."

ಪರದೆಯ ಮೇಲೆ ಒಂದು ಮನೆಯ ಅಂಗಳ ಮೂಡುತ್ತದೆ. ಬಾಗಿಲಲ್ಲಿ ಕೂತ ಗಂಡಸು, ಅವನ ತೊಡೆಯ ಮೇಲೆ ನಿದ್ದೆಹೋದ ಪುಟ್ಟ ಮಗಳು. ಬೆಳಕು ಕುಗ್ಗುತ್ತ ಹೋಗಿ ಪರದೆ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿನೊಳಗಿಂದ ಸದ್ದು ಮಾತ್ರ ಬರುತ್ತದೆ. ಗೇಟಿನ ಚಿಲಕ, ಚಪ್ಪಲಿಯ ಹೆಜ್ಜೆ, ನೀರು ತುಂಬಿದ ಬಕೆಟ್ಟನ್ನು ಕಲ್ಲಿನ ಮೇಲಿಟ್ಟ ಸದ್ದು, ಸಣ್ಣದೊಂದು ಕೆಮ್ಮು. ಚಿತ್ರ ಮುಗಿಯುತ್ತದೆ.

ಖಾಲಿ ಸೀಟುಗಳ ಮಧ್ಯೆ ನಿಂತ ಹೆಂಗಸಿನ ತುಟಿ ಅಲುಗುತ್ತದೆ, ಮಾತು ಹೊರಡುವುದಿಲ್ಲ. ಬೆಳಗಿನ ಆಟಕ್ಕೆ ಇನ್ನು ಮೂರು ಗಂಟೆಯಿದೆ. ಅಷ್ಟರೊಳಗೆ ಆ ಕಪ್ಪಿಗೊಂದು ಮಾತು ಹೊಂದಿಸಿಕೊಳ್ಳಬೇಕು. ಅದನ್ನು ಕೇಳಲು ಇವತ್ತು ಜನ ಬರುತ್ತಾರೋ ಇಲ್ಲವೋ, ಈ ಹೆಂಗಸಿಗೆ ಗೊತ್ತಿಲ್ಲ.

ವಾರದ ಉಳಿದ ದಿನಗಳಲ್ಲಿ ಇವರು ಈ ಚಿತ್ರಮಂದಿರದ ಕಸ ಗುಡಿಸುವವರು, ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವರು, ತಡವಾಗಿ ಬಂದವರಿಗೆ ಟಾರ್ಚು ಹಿಡಿದು ಸೀಟು ತೋರಿಸುವವರು. ಭಾನುವಾರ ಬೆಳಗಿನ ಆಟಕ್ಕೆ ಮಾತ್ರ ಅವರ ಕೆಲಸ ಬೇರೆ, ಹೆಸರೂ ಬೇರೆ. ಆವತ್ತು ಕಣ್ಣು ಕಾಣದ ಹದಿನೈದಿಪ್ಪತ್ತು ಮಂದಿ ಒಬ್ಬರ ಭುಜ ಒಬ್ಬರು ಹಿಡಿದು ಇಲ್ಲಿಗೆ ಬರುತ್ತಾರೆ. ಪರದೆಯ ಮೇಲೆ ನಡೆಯುವುದನ್ನು ಇವರು ಅವರಿಗೆ ಹೇಳುತ್ತ ಹೋಗುತ್ತಾರೆ. ಹಾಗಾಗಿ ಅವರೆಲ್ಲರ ಬಾಯಲ್ಲಿ ಇವರು 'ಹೇಳಕ್ಕ'. ವಯಸ್ಸು ಐವತ್ತು ದಾಟಿದೆ. ಇವರಿಗಿಂತ ಹಿರಿಯರೂ ಹೇಳಕ್ಕ ಎಂದೇ ಕರೆಯುತ್ತಾರೆ.

ಹೇಳುವುದು ಎಲ್ಲರ ನಡುವೆ ಕೂತು ಅಲ್ಲ. ಸಭಾಂಗಣದ ಹಿಂಬದಿಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ ಇದೆ. ಚಿತ್ರಮಂದಿರ ಕಟ್ಟಿಸಿದ ಕಾಲದಲ್ಲಿ ಅದು ಕೈಗೂಸಿನ ತಾಯಂದಿರಿಗೆಂದು ಮಾಡಿದ್ದು. ಮಗು ಎಷ್ಟು ಅತ್ತರೂ ಹೊರಗಿನವರಿಗೆ ಕೇಳದು. ಒಳಗಿನವರಿಗೆ ಚಿತ್ರದ ಸದ್ದು ಮೂಲೆಯ ಸ್ಪೀಕರಿನಿಂದ ಬರುತ್ತದೆ. ಕಾಲ ಕಳೆದಂತೆ ತಾಯಂದಿರು ಬರುವುದು ನಿಂತು, ಅಲ್ಲಿ ಮುರಿದ ಸೀಟುಗಳನ್ನು ಪೇರಿಸಿಟ್ಟಿದ್ದರು. ಈಗ ಅವನ್ನೆಲ್ಲ ಹೊರಗೆ ಹಾಕಿ ಎರಡು ಉದ್ದನೆಯ ಬೆಂಚು ಹಾಕಿದ್ದಾರೆ. ಗಾಜಿಗೆ ಆತು ಒಂದು ಮೂರು ಕಾಲಿನ ಸ್ಟೂಲು. ಅದು ಹೇಳಕ್ಕನ ಜಾಗ.

ಶುರುವಾದದ್ದು ಅಕಸ್ಮಾತ್ತಾಗಿ. ಬಸ್ ನಿಲ್ದಾಣದಾಚೆಯ ಕಾರ್ಖಾನೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವ ಹಿರಿಯರೊಬ್ಬರು ಚಿತ್ರಮಂದಿರದ ಮಾಲೀಕರ ಕಚೇರಿಯ ಕುರ್ಚಿಗಳನ್ನು ರಿಪೇರಿ ಮಾಡಲು ಬಂದಿದ್ದರು. ಹದಿನೆಂಟರ ಹರೆಯದಲ್ಲಿ ಜ್ವರ ಬಂದು ಕಣ್ಣು ಹೋದವರು. ಕೆಲಸ ಮುಗಿದರೂ ಮನೆಗೆ ಹೋಗದೆ ಬಾಗಿಲ ಪರದೆಗೆ ಕಿವಿಕೊಟ್ಟು ನಿಂತಿದ್ದರು. ಪಕ್ಕದಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸಿನ ಕಡೆ ತಿರುಗಿ, "ತಾಯಿ, ಈಗ ಬಂದೋನು ಯಾರು? ಯಾಕೆ ಎಲ್ಲರೂ ಮಾತು ನಿಲ್ಲಿಸಿಬಿಟ್ರು?" ಎಂದು ಕೇಳಿದರು. ಇವರು ಇಣುಕಿ ನೋಡಿ ಹೇಳಿದರು. ಅವರು ಮತ್ತೊಂದು ಕೇಳಿದರು. ಹೀಗೆ ಅರ್ಧ ಸಿನಿಮಾ ಬಾಗಿಲಲ್ಲೇ ಆಯಿತು. ಮುಂದಿನ ವಾರ ಅವರು ಇಬ್ಬರನ್ನು ಕರೆತಂದರು, ಅದರ ಮುಂದಿನ ವಾರ ನಾಲ್ವರನ್ನು. ಹಿಂದಿನ ಸಾಲಿನಲ್ಲಿ ಕೂತು ಪಿಸುಗುಟ್ಟುವುದು ಅಕ್ಕಪಕ್ಕದವರಿಗೆ ಹಿಡಿಸಲಿಲ್ಲ. "ಏನಮ್ಮಾ, ಸಿನಿಮಾನ ನೀನು ತೋರಿಸ್ತೀಯೋ ಅವರು ತೋರಿಸ್ತಾರೋ?" ಎಂದು ಒಬ್ಬ ಎದ್ದು ನಿಂತು ಜಗಳಕ್ಕೇ ಬಂದ. ಆವತ್ತೇ ಮಾಲೀಕರು ಗಾಜಿನ ಕೋಣೆಯ ಬೀಗ ತೆಗೆಸಿದ್ದು. ಕುರ್ಚಿ ಹೆಣೆಯುವ ಆ ಹಿರಿಯರು ಅಂದಿನಿಂದ ಇಲ್ಲಿ ಎಲ್ಲರಿಗೂ 'ಕುರ್ಚಿ ಮಾವ'.

ಕೆಲಸ ಹೊರಗಿನಿಂದ ನೋಡುವವರಿಗೆ ಸಲೀಸು. ಕಂಡದ್ದನ್ನು ಹೇಳಿದರಾಯಿತು, ಅದರಲ್ಲೇನು? ಸ್ಟೂಲಿನ ಮೇಲೆ ಕೂತವರಿಗೆ ಅದರ ಕಷ್ಟ ಗೊತ್ತು. ಪಾತ್ರಗಳು ಮಾತಾಡುವಾಗ ಇವರು ಬಾಯಿ ತೆರೆಯುವಂತಿಲ್ಲ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಸಿಗುವ ಬಿಡುವಿನಲ್ಲಿ, ಎರಡು ಸಾಲು ಪೈರಿನ ಮಧ್ಯೆ ಕಾಲಿಟ್ಟು ಕಳೆ ಕೀಳುವವರ ಹಾಗೆ, ಎಲ್ಲೂ ತುಳಿಯದೆ ಹೋಗಿ ಬರಬೇಕು. ಅದಕ್ಕೇ ಶನಿವಾರವೇ ಚಿತ್ರವನ್ನು ಎರಡು ಸಲ ನೋಡಿರುತ್ತಾರೆ. ಸಾಲದು ಅನ್ನಿಸಿದರೆ ಭಾನುವಾರ ನಸುಕಿಗೇ ಬಂದು ಯಂತ್ರದ ಅಣ್ಣನನ್ನು ಪೀಡಿಸುತ್ತಾರೆ.

"ಹೊಡೆದಾಟದ ಸಿನಿಮಾ ಬಂತು ಅಂದ್ರೆ ನನ್ನ ಕಥೆ ಮುಗೀತು," ಎಂದು ನಗುತ್ತಾರೆ. "ಇವನು ಅವನ ಮೂಗಿಗೆ ಗುದ್ದಿದ ಅಂತ ನಾನು ಹೇಳಿ ಮುಗಿಸೋದ್ರೊಳಗೆ ಅವನು ಎದ್ದು ವಾಪಸ್ ಗುದ್ದಿ, ಇನ್ನಿಬ್ಬರನ್ನೂ ಕೆಡವಿರ್ತಾನೆ. ನಮ್ಮೋರು 'ಯಾರು ಬಿದ್ರು, ಯಾರು ಬಿದ್ರು' ಅಂತಾರೆ. ಎಲ್ಲರೂ ಬಿದ್ರು, ನಾನೂ ಬಿದ್ದೆ ಅಂತೀನಿ."

ಅವರದೊಂದು ಗಟ್ಟಿ ನೇಮವಿದೆ. ಕಂಡದ್ದನ್ನು ಮಾತ್ರ ಹೇಳಬೇಕು, ಅದರ ಅರ್ಥ ಹೇಳಬಾರದು. ಕಲಿಸಿದ್ದು ಅಜ್ಜಿ. ಊರಾಚೆಯ ತೋಟದ ಮನೆಯಲ್ಲಿ ಅಜ್ಜಿಗೆ ವಯಸ್ಸಾಗಿ ಕಣ್ಣು ಮಂಜಾದಾಗ, ಮೊಮ್ಮಗಳು ಪಕ್ಕದಲ್ಲಿ ಕೂತು ಅಂಗಳದಲ್ಲಿ ನಡೆಯುವುದನ್ನೆಲ್ಲ ಒಪ್ಪಿಸುತ್ತಿದ್ದಳು. ಒಮ್ಮೆ ಹುಡುಗಿ, "ಅಜ್ಜಿ, ಹಸು ಬೇಜಾರಲ್ಲಿದೆ," ಎಂದಳು. "ಬೇಜಾರು ಎಲ್ಲಿ ಕಾಣ್ತು ನಿನಗೆ? ಬಾಲದಲ್ಲೋ, ಕಿವಿಯಲ್ಲೋ?" ಎಂದು ಅಜ್ಜಿ ಗದರಿದರು. ಹುಡುಗಿ ಮತ್ತೆ ನೋಡಿದಳು. ಹುಲ್ಲು ಮುಂದಿದೆ, ಮುಟ್ಟಿಲ್ಲ, ಕಿವಿ ಜೋತುಬಿದ್ದಿದೆ, ಒಂದು ಹಿಂಗಾಲು ಎತ್ತಿ ನಿಂತಿದೆ. "ಹಾಗೆ ಹೇಳು. ಬೇಜಾರೋ, ಗೊರಸಿಗೆ ಮುಳ್ಳು ಚುಚ್ಚಿದೆಯೋ, ಅದನ್ನ ನಾನು ಯೋಚಿಸ್ತೀನಿ," ಎಂದರು ಅಜ್ಜಿ. ಮುಳ್ಳೇ ಚುಚ್ಚಿತ್ತು.

ಈ ನೇಮದಿಂದ ಗಾಜಿನ ಕೋಣೆಯಲ್ಲಿ ಜಗಳಗಳೂ ಆಗುತ್ತವೆ. ಕಚೇರಿಯೊಂದರಲ್ಲಿ ಫೋನಿನ ಕರೆಗಳನ್ನು ಜೋಡಿಸಿಕೊಡುವ ಹೆಂಗಸೊಬ್ಬರು ಇದ್ದಾರೆ. ಹುಟ್ಟಿನಿಂದ ಕಣ್ಣಿಲ್ಲ, ಬಾಯಿಗೆ ಬಿಡುವಿಲ್ಲ. ಎಲ್ಲರೂ ಕರೆಯುವುದು 'ಫೋನಮ್ಮ' ಎಂದು. ಹೊಸ ನಾಯಕ ಬಂದಾಗೆಲ್ಲ ಅವರದು ಒಂದೇ ಪ್ರಶ್ನೆ.

"ನೋಡೋಕೆ ಹೇಗಿದಾನೆ ಹೇಳಕ್ಕ?"

"ಮೂಗು ಉದ್ದ. ಗಲ್ಲದಲ್ಲಿ ಒಂದು ಕುಳಿ. ಹುಬ್ಬು ಸೇರಿಕೊಂಡಿದೆ."

"ಚೆನ್ನಾಗಿದಾನೋ ಇಲ್ವೋ, ಅದು ಹೇಳು."

"ಅದು ನಿಮಗೆ ಬಿಟ್ಟಿದ್ದು."

"ಅಯ್ಯೋ, ಬರೀ ಮೂಗು ಇಟ್ಕೊಂಡು ನಾನೇನು ಮಾಡ್ಲಿ!"

ಹೇಳಕ್ಕನ ಗಂಡನದು ಸೈಕಲ್ ರಿಪೇರಿ ಅಂಗಡಿ. ಅಭ್ಯಾಸ ಮನೆಗೂ ಬಂದಿದೆ ಎಂದು ಅವರ ದೂರು. "ಊಟಕ್ಕೆ ಕೂತ್ರೆ 'ಈಗ ಕೈ ಚಾಚಿದ್ರಿ, ಉಪ್ಪು ತಗೊಂಡ್ರಿ' ಅಂತಾಳೆ. ನನಗೆ ಕಣ್ಣಿದೆ ಕಣೇ ಅಂತ ರೇಗಿದ್ರೆ, ಸಿಟ್ಟು ಬಂತಾ ಅಂತ ಕೇಳಲ್ಲ ನೋಡಿ. 'ಹುಬ್ಬು ಮೇಲೆ ಹೋಯ್ತು' ಅಂತಾಳೆ." ಹೊಲಿಗೆ ಕಲಿಯುತ್ತಿರುವ ಮಗಳು ಸೂಜಿಯಿಂದ ತಲೆಯೆತ್ತದೆ, "ಅಪ್ಪ, ಈಗಲೂ ಹೋಗಿದೆ," ಎನ್ನುತ್ತಾಳೆ.

ಇಷ್ಟು ವರ್ಷ ಕೈಬಿಡದೆ ನಡೆಸಿಕೊಂಡು ಬಂದ ಈ ನೇಮವೇ ಹೋದ ಭಾನುವಾರ ಹೇಳಕ್ಕನ ಕಾಲಿಗೆ ತೊಡರಿತು.

ಆವತ್ತು ಬಂದದ್ದು ಹೊಸ ನಿರ್ದೇಶಕನ ಮೊದಲ ಚಿತ್ರ. ಕಥೆ ಒಂದೇ ದಿನದ್ದು. ಮನೆಗೆ ಸುಣ್ಣ ಬಳಿಯುವವನೊಬ್ಬ, ಅವನ ಹೆಂಡತಿ, ಪುಟ್ಟ ಮಗಳು. ಬೆಳಿಗ್ಗೆ ಹೆಂಡತಿ ಬೀದಿಯ ನಲ್ಲಿಯಿಂದ ನೀರು ತರುತ್ತಾಳೆ. ಗೇಟಿನ ಚಿಲಕ ತೆಗೆಯುತ್ತಾಳೆ, ನಡೆದು ಬರುತ್ತಾಳೆ, ಬಕೆಟ್ಟು ಕಲ್ಲಿನ ಮೇಲಿಡುತ್ತಾಳೆ, ಕೆಮ್ಮುತ್ತಾಳೆ. ಆಮೇಲೆ ಸಣ್ಣ ಮಾತಿಗೆ ಗಂಡ ಹೆಂಡಿರ ನಡುವೆ ದೊಡ್ಡ ಜಗಳ. "ಕತ್ತಲಾಗೋದ್ರೊಳಗೆ ಬರ್ತೀನಿ" ಎಂದು ಮಗಳಿಗೆ ಹೇಳಿ ಅವಳು ಹೊರಟುಹೋಗುತ್ತಾಳೆ. ಇಡೀ ದಿನ ಅಪ್ಪ ಮಗಳು ಕಾಯುತ್ತಾರೆ. ಬೆಳಕು ಇಳಿಯುತ್ತದೆ, ಪರದೆ ಕಪ್ಪಾಗುತ್ತದೆ, ಬೆಳಿಗ್ಗೆ ಕೇಳಿದ ಸದ್ದುಗಳು ಅದೇ ಕ್ರಮದಲ್ಲಿ ಮತ್ತೆ ಕೇಳುತ್ತವೆ.

ಬೆಳಕು ಇಳಿಯುವ ತನಕ ಹೇಳಕ್ಕ ಹೇಳುತ್ತಲೇ ಬಂದರು. ನೆರಳು ಉದ್ದವಾಯ್ತು, ಗೋಡೆಯ ಬಿಳಿ ಬೂದಿಯ ಬಣ್ಣಕ್ಕೆ ತಿರುಗಿತು, ಮಗುವಿನ ತಲೆ ಅಪ್ಪನ ತೊಡೆಗೆ ಒರಗಿತು. ಪರದೆ ಕಪ್ಪಾದಾಗ ನಿಲ್ಲಿಸಿದರು. ಏನೂ ಕಾಣಲಿಲ್ಲ, ಅದಕ್ಕೇ ಏನೂ ಹೇಳಲಿಲ್ಲ.

ಹೊರಗೆ ಸಭಾಂಗಣದಲ್ಲಿ ಶಿಳ್ಳೆ ಬಿತ್ತು, "ಕರೆಂಟ್ ಹೋಯ್ತು" ಎಂದು ಕೂಗಾಯಿತು. ಗಾಜಿನ ಒಳಗಿದ್ದವರಿಗೆ ಇದೊಂದೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ತನ್ನ ಚಿತ್ರವನ್ನು ತಾನೇ ನೋಡುತ್ತ ಕೂತಿದ್ದ ನಿರ್ದೇಶಕ, ದೀಪ ಹತ್ತಿದಾಗ ಹಿಂತಿರುಗಿ ನೋಡಿದರೆ ಗಾಜಿನಾಚೆ ಎಲ್ಲರ ಮುಖದಲ್ಲೂ ನಗು. ಫೋನಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನಿರ್ದೇಶಕರು ತಡೆಯಲಾರದೆ ಕೋಣೆಗೆ ಬಂದರು. ಯಾರೆಂದು ಹೇಳಿಕೊಂಡು, ಕೊನೆ ಹೇಗನ್ನಿಸಿತು ಎಂದು ಕೇಳಿದರು.

"ಸಮಾಧಾನ ಆಯ್ತು ಸ್ವಾಮಿ," ಎಂದರು ಫೋನಮ್ಮ. "ಅಂತೂ ಬಂದ್ಲಲ್ಲ."

"ಯಾರು?"

"ಅವಳೇ, ತಾಯಿ. ಅದೇ ಚಿಲಕ, ಅದೇ ಹೆಜ್ಜೆ, ಅದೇ ಕೆಮ್ಮು. ಅವಳಲ್ದೆ ಇನ್ಯಾರು?"

ನಿರ್ದೇಶಕರು ಬೆಂಚಿನ ತುದಿಗೆ ಕೂತರು. ಆಮೇಲೆ ನಿಧಾನವಾಗಿ ಹೇಳಿದರು: "ಒಂಚೂರೂ ಬದಲಾಗದೆ ಅದೇ ಸದ್ದು ಬರೋದು ಯಾಕಂದ್ರೆ ಅದು ಅವನ ನೆನಪು. ಅವಳು ಬರಲ್ಲ ಅಮ್ಮ. ಕತ್ತಲಾಗೋಯ್ತಲ್ಲ. ಪರದೆ ಪೂರ್ತಿ ಕಪ್ಪಾಗಿತ್ತು."

ಕುರ್ಚಿ ಮಾವ ತಲೆಯೆತ್ತಿದರು. "ಕಪ್ಪಾಗಿತ್ತಾ? ಹೇಳಕ್ಕ, ನೀನು ಹೇಳ್ಲಿಲ್ಲವಲ್ಲ?"

"ಏನೂ ಕಾಣ್ಲಿಲ್ಲ ಮಾವ. ಅದಕ್ಕೆ ಸುಮ್ನಿದ್ದೆ."

"ಏನೂ ಕಾಣ್ತಿಲ್ಲ ಅನ್ನೋದೂ ಹೇಳೋ ವಿಷಯ ಅಲ್ವೇನಮ್ಮ? ನಿನಗೇ ಕಾಣದೇ ಇದ್ದಿದ್ದು ನಮಗೆ ಹೇಗೆ ಗೊತ್ತಾಗಬೇಕು?" ಅವರು ಕೋಲು ತಡವಿಕೊಂಡು ಎದ್ದರು. "ಇಷ್ಟು ವರ್ಷದಲ್ಲಿ ಇನ್ನೆಷ್ಟು ಸಲ ಹೀಗೆ ಸುಮ್ನಿದ್ದೆಯೋ."

ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋದರು. ಫೋನಮ್ಮ ಕೂಡ.

ಮಾರನೆಯ ದಿನ ನಿರ್ದೇಶಕ ಮತ್ತೆ ಬಂದರು. ತಮ್ಮಿಂದಾಗಿ ಹೀಗಾಯಿತಲ್ಲ ಎಂದು ಅವರಿಗೂ ಕಸಿವಿಸಿ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಚಿತ್ರ ಇನ್ನೊಂದು ವಾರ ಇರುತ್ತದೆ, ಮುಂದಿನ ಭಾನುವಾರ ಕೊನೆಯಲ್ಲಿ 'ಯಾರೂ ಬರಲಿಲ್ಲ' ಎಂದು ಹೇಳಿಬಿಡಿ, ಎಂದು ಅವರು ಕೇಳಿಕೊಂಡರು.

"ಅದು ನನ್ನಿಂದ ಆಗಲ್ಲ ಸ್ವಾಮಿ. ಬರ್ಲಿಲ್ಲ ಅನ್ನೋದು ಪರದೆ ಮೇಲೆ ಎಲ್ಲಿದೆ?"

"ಇಲ್ಲ, ನಿಜ," ಎಂದು ನಿರ್ದೇಶಕ ಒಪ್ಪಿಕೊಂಡರು. "ಅದನ್ನ ತೋರಿಸಬಾರದು ಅಂತಾನೇ ಕಪ್ಪು ಮಾಡಿದ್ದು. ಆದ್ರೆ ಆ ಕಪ್ಪು ನಾನು ಇಟ್ಟಿದ್ದು ಅಮ್ಮ. ಅದನ್ನ ಅವರಿಗೆ ತಲುಪಿಸಿ. ಆಮೇಲೆ ಅವರು ಏನು ಬೇಕಾದ್ರೂ ಅಂದ್ಕೊಳ್ಳಲಿ, ನನಗೆ ಬೇಜಾರಿಲ್ಲ. ಅರ್ಧ ಕೊಟ್ಟು ಏನನ್ನಿಸಿತು ಅಂತ ಕೇಳಿದ ಹಾಗಾಗಬಾರದು."

ಆ ಮಾತು ಹೇಳಕ್ಕನಿಗೆ ನಾಟಿದೆ. "ಅವರು ಹೇಳಿದ್ದು ಸರಿ. ಅವರು ಕೊಟ್ಟಿದ್ದನ್ನ ನಾನು ದಾರೀಲೇ ಚೆಲ್ಲಿಬಿಟ್ಟೆ. ಬೇಕು ಅಂತ ಅಲ್ಲ. ಆದ್ರೂ ಚೆಲ್ಲಿದ್ದು ಚೆಲ್ಲಿದ್ದೇ," ಎನ್ನುತ್ತಾರೆ.

ವಾರದ ನಡುವೆ ಕುರ್ಚಿ ಕಾರ್ಖಾನೆಗೂ ಹೋಗಿ ಬಂದರು. ಉದ್ದನೆಯ ತಗಡಿನ ಸೂರಿನ ಕೆಳಗೆ, ನೆನೆಸಿಟ್ಟ ಬೆತ್ತದ ಕಟ್ಟುಗಳ ನಡುವೆ ಮಾವ ಕೆಲಸದಲ್ಲಿದ್ದರು. ಇವರ ಹೆಜ್ಜೆ ಅವರಿಗೆ ಗೊತ್ತಿಲ್ಲದ್ದಲ್ಲ.

"ಯಾರು?" ಎಂದರು ಕೈ ನಿಲ್ಲಿಸದೆ.

"ನಾನು, ಮಾವ."

"ನಾನು ಅಂದ್ರೆ?"

ಆ ಮಾತಿಗೆ ಹೇಳಕ್ಕನ ಕಣ್ಣಲ್ಲಿ ನೀರು ಬಂತಂತೆ. ಆದರೂ ಕೂತರು. ಎಳೆ ಮೇಲೆ ಎಳೆ ಹಾಕುತ್ತಲೇ ಮಾವ ಹೇಳಿದರು: "ನೀನು ಸುಳ್ಳು ಹೇಳಿದೆ ಅಂತ ನಾನಂದಿಲ್ಲ. ಆದ್ರೆ ನೀನು ಸುಮ್ನಾದಾಗ ಪರದೆ ಸುಮ್ನಿದೆಯೋ ನೀನು ಸುಮ್ನಿದೀಯೋ, ನಾವು ಹೇಗೆ ಕಂಡ್ಕೋಬೇಕು? ನಿನ್ನ ಬಾಯೊಂದೇ ನಮಗೆ ಆಧಾರ. ಅದರಲ್ಲೊಂದು ತೂತಿದೆ ಅಂತಾದ್ರೆ ಹತ್ತು ಇವೆ ಅಂತಾನೇ ಲೆಕ್ಕ." ಮುಂದಿನ ಭಾನುವಾರ ಬರುತ್ತೀರಾ ಎಂದು ಕೇಳಿದ್ದಕ್ಕೆ ಅವರು ಇನ್ನೊಂದು ಬೆತ್ತದ ಎಳೆಯನ್ನು ಎಳೆದುಕೊಂಡರು.

ಹಾಗಾಗಿಯೇ ಇವತ್ತಿನ ನಸುಕಿನ ಈ ಅಭ್ಯಾಸ. 'ಕತ್ತಲೆ' ಎಂದರೆ ಮಾವನಿಗೆ ಅರ್ಥವಾಗುತ್ತದೆ, ಒಂದು ಕಾಲಕ್ಕೆ ನೋಡಿದವರು. ಫೋನಮ್ಮನಿಗೆ ಅದು ಬರೀ ಪದ. ಇಬ್ಬರಿಗೂ ಒಂದೇ ಸಲ ಮುಟ್ಟುವ ಹಾಗೆ, ಚಿಲಕದ ಸದ್ದು ಬರುವ ಮುಂಚಿನ ಬಿಡುವಿನಲ್ಲಿ, ಅರ್ಥ ಬೆರೆಸದೆ ಹೇಳಬೇಕು. ಹೇಳಕ್ಕ ಬಕೆಟ್ಟಿನ ನೀರು ಹೊರಗೆ ಚೆಲ್ಲಿ, ಕೈ ಒರೆಸಿಕೊಂಡು, ಮುಂಬಾಗಿಲ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಟಿಕೆಟ್ ಸಾಲು ಬೆಳೆಯುತ್ತಿದೆ. ಇವರ ಕಣ್ಣು ಮಾತ್ರ ಬೀದಿಯ ತಿರುವಿನಲ್ಲಿದೆ.

ಮೊದಲು ಬರುವುದು ಫೋನಮ್ಮ. "ನಾನು ನಿನ್ನ ನೋಡೋಕೆ ಬಂದಿಲ್ಲ, ಆ ಮಗುವಿನ ದನಿ ಕೇಳೋಕೆ ಬಂದೆ," ಎಂದು ಮುಖ ತಿರುಗಿಸಿಕೊಂಡೇ ಕೈ ಮುಂದೆ ಚಾಚುತ್ತಾರೆ. ಅವರ ಹಿಂದೆ ಈಚೆಗಷ್ಟೇ ಮದುವೆಯಾದ ಜೋಡಿ, ಅವರ ಹಿಂದೆ ಇನ್ನಾರೇಳು ಮಂದಿ. ಬೆಂಚುಗಳು ಅರ್ಧ ತುಂಬಿವೆ. ನಿರ್ದೇಶಕರೂ ಬಂದು ಮೂಲೆಯಲ್ಲಿ ಕೂತಿದ್ದಾರೆ. ಚಿತ್ರ ಇನ್ನೇನು ಶುರುವಾಗಬೇಕು, ಆಗ ಮೆಟ್ಟಿಲ ಮೇಲೆ ಕೋಲಿನ ಸದ್ದು. ಹೇಳಕ್ಕ ಓಡಿ ಹೋಗಿ ತೋಳು ಕೊಡುತ್ತಾರೆ. ಕುರ್ಚಿ ಮಾವ ಅದನ್ನು ಹಿಡಿಯುವುದಿಲ್ಲ. ಗೋಡೆ ಸವರಿಕೊಂಡು ತಾವೇ ಬಂದು ಬಾಗಿಲ ಪಕ್ಕ ಕೂರುತ್ತಾರೆ. ಕೂತ ಮೇಲೆ ಕೋಲನ್ನು ಗಾಜಿನ ಬಾಗಿಲಿಗೆ ಅಡ್ಡ ಇಟ್ಟು ಅದು ಮುಚ್ಚದಂತೆ ಮಾಡುತ್ತಾರೆ.

"ಮಾವ, ಬಾಗಿಲು?"

"ಇರ್ಲಿ ಬಿಡು. ಹೊರಗಿನೋರೂ ಏನಂತಾರೆ ಕೇಳೋಣ."

ಹೇಳಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಬಾಗಿಲು ತೆರೆದಿರುವುದರಿಂದ ದನಿ ತಗ್ಗಿಸಬೇಕು. ತಗ್ಗಿಸಿದ ದನಿಯಲ್ಲೇ ಚಿತ್ರ ಸಾಗುತ್ತದೆ. "ಸುಣ್ಣದ ಡಬ್ಬಿಯಲ್ಲಿ ಕುಂಚ ಅದ್ದಿದ. ಬಳೀಲಿಲ್ಲ. ಹಾಗೇ ಹಿಡ್ಕೊಂಡಿದಾನೆ. ತೊಟ್ಟಿಕ್ತಿದೆ." "ಮಗು ಅಮ್ಮನ ಬಾಚಣಿಗೆ ತಗೊಂಡು ತನ್ನ ತಲೆ ಬಾಚ್ಕೊಂಡ್ಲು. ಒಂದು ಉದ್ದ ಕೂದಲು ಸಿಕ್ತು. ಬೆರಳಿಗೆ ಸುತ್ಕೊಂಡ್ಲು." ಬೆಂಚಿನಲ್ಲಿ ಯಾರೋ ಮೂಗೆಳೆದ ಸದ್ದು. ನಿರ್ದೇಶಕರ ಮುಖ ಪರದೆಯ ಕಡೆಗಿಲ್ಲ, ಕಣ್ಣು ಮುಚ್ಚಿ ಅವರೂ ಇವರ ಮಾತನ್ನೇ ಕೇಳುತ್ತಿದ್ದಾರೆ.

ನೆರಳು ಉದ್ದವಾಗುತ್ತದೆ. ಗೋಡೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಮಗು ಒರಗುತ್ತದೆ. ಹೇಳಕ್ಕನ ಕೈ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದಿದೆ.

"ಪರದೆ ಪೂರ್ತಿ ಕಪ್ಪಾಯ್ತು," ಎನ್ನುತ್ತಾರೆ. "ಈಗ ಇಲ್ಲಿ ಯಾರಿಗೂ ಏನೂ ಕಾಣ್ತಿಲ್ಲ. ನನಗೂ."

ತೆರೆದ ಬಾಗಿಲಿನಿಂದ ಹೊರಗಿನ ಶಿಳ್ಳೆ ಒಳಗೆ ಬರುತ್ತದೆ. "ಏಯ್, ಕರೆಂಟ್ ಹೋಯ್ತು ಕಣ್ರೋ!" ಎಂದು ಒಬ್ಬನ ಕೂಗು, ಅವನನ್ನು ಸುಮ್ಮನಿರಿಸುವ ಇನ್ನೊಬ್ಬನ ಬೈಗುಳ. ಕುರ್ಚಿ ಮಾವ ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ಬಗ್ಗಿ, ಕೋಲನ್ನು ಒಳಕ್ಕೆಳೆದುಕೊಳ್ಳುತ್ತಾರೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಶಿಳ್ಳೆ ನಿಲ್ಲುತ್ತದೆ. ಚಿಲಕದ ಸದ್ದು, ಹೆಜ್ಜೆ, ಬಕೆಟ್ಟು, ಕೆಮ್ಮು. ಕಣ್ಣಿದ್ದವರಿಬ್ಬರು, ಇಲ್ಲದವರು ಹತ್ತು ಹನ್ನೊಂದು ಜನ, ಒಂದೇ ಕತ್ತಲಲ್ಲಿ ಕೂತು ಅದನ್ನು ಕೇಳುತ್ತಾರೆ.

ದೀಪ ಹತ್ತಿದರೂ ಯಾರೂ ಏಳುವುದಿಲ್ಲ. ಮೊದಲು ಬಾಯಿ ಬಿಡುವುದು ಫೋನಮ್ಮನೇ. "ಕಪ್ಪಾಯ್ತು ಅಂದ್ಲು, ಸರಿ. ಆದ್ರೆ ನನಗೆ ಹುಟ್ಟಿದಾಗಿಂದ ಪರದೆ ಹಾಗೇ ಇದೆಯಪ್ಪ. ಬರೋರೆಲ್ಲ ಬರ್ತಾನೇ ಇದಾರೆ. ಅವಳೂ ಬಂದ್ಲು."

ಕೋಣೆಯಿಡೀ ನಗೆಯಾಗುತ್ತದೆ. ನಿರ್ದೇಶಕರೂ ನಗುತ್ತಾರೆ. "ನಾನು ತೆಗೆದಿದ್ದರಲ್ಲಿ ಬರಲ್ಲ ಅಮ್ಮ," ಎನ್ನುತ್ತಾರೆ.

"ನೀವು ತೆಗೆದಿದ್ದರಲ್ಲಿ ಬರದೇ ಇರ್ಲಿ ಸ್ವಾಮಿ. ನಾನು ಕೇಳಿದ್ದರಲ್ಲಿ ಬಂದಾಯ್ತು. ಇನ್ನು ವಾಪಸ್ ಕಳಿಸೋಕಾಗಲ್ಲ."

"ಇಲ್ಲ," ಎನ್ನುತ್ತಾರೆ ಕುರ್ಚಿ ಮಾವ. ಎಲ್ಲರೂ ಅತ್ತ ತಿರುಗುತ್ತಾರೆ. "ಹೋದ ವಾರ ನಾನೂ ಬಂದ್ಲು ಅಂತಾನೇ ಅಂದ್ಕೊಂಡಿದ್ದೆ. ಇವತ್ತು ಅಲ್ಲ. ಸಾಯಂಕಾಲ ಬಾಗಿಲಲ್ಲಿ ಕೂತು ಕಾಯೋವಾಗ ಹೇಗೆ ಕತ್ತಲಾಗುತ್ತೆ ಅಂತ ನನಗೆ ನೆನಪಿದೆ. ಕತ್ತಲಾದ್ಮೇಲೆ ಕಾಯೋನಿಗೆ ಎಲ್ಲ ಸದ್ದೂ ಅವಳದೇ ಅನ್ಸುತ್ತೆ. ಪಾಪ, ಅವಳು ಬರ್ಲಿಲ್ಲ."

"ಈ ಮಾವ ಯಾವಾಗ್ಲೂ ಹೀಗೇ, ಬಂದೋರನ್ನೂ ಕಳಿಸಿಬಿಡ್ತಾರೆ," ಎಂದು ಹೊಸ ಮದುಮಗಳು ಗಂಡನ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸುತ್ತದೆ. ಜಗಳ ಬಿಸಿಯೇರುತ್ತದೆ. ಬಂದಳೆನ್ನುವವರು ಒಂದು ಬೆಂಚು, ಇಲ್ಲವೆನ್ನುವವರು ಇನ್ನೊಂದು. ನಿರ್ದೇಶಕರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದಾರೆ. ಹೊರಡುವಾಗ ಹೇಳಕ್ಕನ ಮುಂದೆ ನಿಂತು, "ಪೂರ್ತಿ ತಲುಪಿತು ಅಮ್ಮ," ಎಂದಷ್ಟೇ ಹೇಳುತ್ತಾರೆ. ಇವರು ಆ ಮಾತನ್ನು ಹೇಗೆ ಹಿಡಿದುಕೊಳ್ಳಬೇಕೋ ತಿಳಿಯದೆ ಸ್ಟೂಲು ಎತ್ತಿ ಗೋಡೆಗೆ ಇಡುತ್ತಾರೆ.

ಎಲ್ಲರೂ ಹೋದ ಮೇಲೂ ಕುರ್ಚಿ ಮಾವ ಕೂತೇ ಇದ್ದಾರೆ. ಹೇಳಕ್ಕ ಹತ್ತಿರ ಹೋಗಿ, ತೋಳು ಚಾಚದೆ, ಸುಮ್ಮನೆ ನಿಲ್ಲುತ್ತಾರೆ. ಮಾವ ಎದ್ದು, ಕೋಲನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಅವರ ಭುಜದ ಮೇಲಿಡುತ್ತಾರೆ. ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿಯುತ್ತಾರೆ. ಅರ್ಧ ದಾರಿಯಲ್ಲಿ ಮಾವ ನಿಂತು ಕೇಳುತ್ತಾರೆ:

"ಅದೆಲ್ಲ ಇರ್ಲಿ. ನಿನಗೇನು ಅನ್ನಿಸ್ತು? ಬಂದ್ಲಾ, ಇಲ್ವಾ?"

"ನಾನು ಹೇಳಲ್ಲ ಮಾವ."

"ಯಾಕೆ, ನಿನಗೆ ಏನೂ ಅನ್ಸೋದೇ ಇಲ್ವಾ?"

"ಅನ್ಸುತ್ತೆ. ಮನೆಗೆ ಹೋಗೋ ದಾರಿಯುದ್ದಕ್ಕೂ ಅನ್ಸುತ್ತೆ," ಎನ್ನುತ್ತಾರೆ ಹೇಳಕ್ಕ. "ಆದ್ರೆ ನಾನು ಬಾಯಿ ಬಿಟ್ರೆ ನೀವು ನಂಬಿಬಿಡ್ತೀರಲ್ಲ."